ತಿಂಡಿ ಇಲ್ಲ ಎಂದ ತಾಯಿ, ಫ್ರೀಜರಿನಲ್ಲಿರುವ ರಕ್ತ

ಮಕ್ಕಳ ಪೋಷಣೆ ಕುರಿತ ಜೀವರಸಾಯನ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ಎರಡೂವರೆ ವರ್ಷದ ಚೇತನಾ ಇಂದು ಬೆಳಗ್ಗೆ ತಾಯಿ ಕರೆದರೂ ಕಣ್ಣು ತೆರೆಯಲಿಲ್ಲ. ಅವಳ ಯಕೃತ್ತು ಊದಿಕೊಂಡಿದೆ, ನಿನ್ನೆಗಿಂತ ಸ್ಥಿತಿ ಕೆಟ್ಟಿದೆ. ಹೀಗೆಂದು ನಮಗೆ ತಿಳಿಸಿದವರು ಮಕ್ಕಳ ವಾರ್ಡಿನ ಡಾಕ್ಟರ್ ದಿವ್ಯ. ಕಾರಣ ಏನೆಂದು ಹೇಳಬಲ್ಲ ಒಂದು ಚಿಕ್ಕ ಸೀಸೆ ರಕ್ತ ನಿಮ್ಮ ಕೇಂದ್ರದ ಫ್ರೀಜರಿನಲ್ಲಿದೆ. ಅದನ್ನು ನೀವು ಕೊಡುತ್ತಿಲ್ಲ. ನಿಮ್ಮ ಕಚೇರಿಗೆ ಫೋನಿನಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಸೋತ ಮೇಲೆ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಚೇತನಾಳ ತಂದೆ ದುಂಡಪ್ಪ ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ತಾಯಿ ಮುತ್ತವ್ವ. ಬಾಗಲಕೋಟೆ ಕಡೆಯವರು, ನಮ್ಮ ವಠಾರದಲ್ಲಿ ಬಾಡಿಗೆಗಿದ್ದಾರೆ. ಕಳೆದ ತಿಂಗಳು ನಿಮ್ಮ ಅಧ್ಯಯನ ನಮ್ಮ ಬೀದಿಗೆ ಬಂತು. ಪುಟ್ಟ ಮಕ್ಕಳು ತಿನ್ನುವುದಕ್ಕೂ ಅವರ ರಕ್ತದಲ್ಲಿ ಸಿಗುವುದಕ್ಕೂ ಏನು ಸಂಬಂಧ ಎಂದು ತಿಳಿಯುವುದು ಅದರ ಉದ್ದೇಶ. ಒಳ್ಳೆಯ ಕೆಲಸ. ಬೀದಿಯ ತಾಯಂದಿರನ್ನು ಒಪ್ಪಿಸಿದವನು ನಾನೇ. ರಕ್ತ ತೆಗೆಯುವ ಮೊದಲು ಮಗು ಏನೂ ತಿಂದಿರಬಾರದು ಎಂಬುದು ನಿಮ್ಮ ನಿಯಮ. ಅದನ್ನು ಖಚಿತಪಡಿಸಿಕೊಳ್ಳಲು ನಿಮ್ಮ ಕೇಂದ್ರ ಒಂದು ಪ್ರಶ್ನೆ ಅಚ್ಚು ಹಾಕಿಸಿ ಕೊಟ್ಟಿತ್ತು. ಹೊಸಹಳ್ಳಿಯಿಂದ ಬಂದಿದ್ದ ನಿಮ್ಮ ಕಾರ್ಯಕರ್ತೆ ಕೋಕಿಲಾ ಅದನ್ನು ಅಕ್ಷರ ಬಿಡದೆ ಕೇಳಿದಳು.

"ಅಕ್ಕ, ಪಾಪುಗೆ ಇವತ್ತು ತಿಂಡಿ ಆಗಿದೆಯಾ?"

ಮುತ್ತವ್ವನಿಗೆ ಸಿಟ್ಟೇ ಬಂತು. "ತಿಂಡಿ ಗಿಂಡಿ ಏನೂ ಇಲ್ರೀ ನಮ್ ಕೂಸಿಗೆ! ಬೇಕಾದ್ರ ಮೈ ನೋಡ್ರಿ, ಎಷ್ಟ್ ಸ್ವಚ್ಛ ಐತಿ!"

"ಅಯ್ಯೋ, ಮೈಯೆಲ್ಲ ಯಾಕಕ್ಕ, ಕೈ ಕೊಡಿ ಸಾಕು" ಎಂದು ಕೋಕಿಲಾ ನಕ್ಕು ಸೂಜಿ ಚುಚ್ಚಿದಳು.

ನಾನು ಅಲ್ಲೇ ಜಗುಲಿಯ ಮೇಲೆ ಪೇಪರ್ ಓದುತ್ತಿದ್ದೆ. ಪ್ರಶ್ನೆ ಕೇಳಿಸಿತು, ಉತ್ತರ ಕೇಳಿಸಿತು, ಎರಡೂ ಸರಿಯಾಗಿವೆ ಅನ್ನಿಸಿತು. ನಮ್ಮ ಕಡೆ ತಿಂಡಿ ಎಂದರೆ ಬೆಳಗಿನ ಇಡ್ಲಿ, ಉಪ್ಪಿಟ್ಟು. ಮುತ್ತವ್ವನ ಊರಲ್ಲಿ ತಿಂಡಿ ಎಂದರೆ ಮೈ ತುರಿಕೆ. ಬೆಳಗಿನ ತಿನಿಸಿಗೆ ಅವರು ನಾಷ್ಟಾ ಅನ್ನುತ್ತಾರೆ. ಮಗಳಿಗೆ ಕಜ್ಜಿ ಇದೆಯೇ ಎಂದು ಯಾರೋ ಅಂಗಳದಲ್ಲಿ ನಿಂತು ಕೇಳಿದರೆ ಯಾವ ತಾಯಿ ಹೌದು ಅನ್ನುತ್ತಾಳೆ? ಈ ಎರಡು ಅರ್ಥದ ಮೇಲೆ ನಗೆಚಟಾಕಿಗಳು ಎಷ್ಟೋ ಇವೆ. ನಿಮ್ಮ ಪ್ರಶ್ನೆ ತಯಾರಿಸಿದ ವಿದ್ವಾಂಸರ ಸಮಿತಿಯಲ್ಲಿ ಅವು ಯಾರ ಕಿವಿಗೂ ಬಿದ್ದಿರಲಿಲ್ಲವೇ?

ಮಗು ಆಸ್ಪತ್ರೆ ಸೇರಿದ ಮೇಲೆ ವಾರ್ಡಿನಿಂದಲೇ ನಿಮ್ಮ ಯೋಜನಾಧಿಕಾರಿಗೆ ಫೋನ್ ಮಾಡಿ ಆ ರಕ್ತದ ಫಲಿತಾಂಶ ಕೇಳಿದೆವು. ಸ್ಪೀಕರಿನಲ್ಲಿ ಉತ್ತರ ಬಂತು: "ಶುಗರ್ ಕಮ್ಮಿ ಇತ್ತು ಸಾರ್. ಆದ್ರೆ ಖಾಲಿ ಹೊಟ್ಟೆ ಅಲ್ವಾ, ಅಷ್ಟು ಕಮ್ಮಿ ಆಗುತ್ತೆ."

ಮುತ್ತವ್ವ ಮಂಚದ ಪಕ್ಕದಿಂದ ಎದ್ದು ನಿಂತರು. "ಖಾಲಿ ಹೊಟ್ಟಿ? ಅವತ್ತ ಮುಂಜಾನಿ ಮಾದ್ಲಿ ತಿನ್ಸೀನ್ರಿ ನಾ! ಬಾಯಿ ಮುಚ್ಕೊಂಡ್ ಅಳಾಕತ್ತಿದ್ಲು, ಬಿಡ್ಲಾರ್ದ ಬೆಲ್ಲ ಹಚ್ಚಿ ತಿನ್ಸೀನಿ!"

ಮಾದ್ಲಿ ಎಂದರೆ ಅವರ ಕಡೆ ಗೋಧಿಗೆ ಬೆಲ್ಲ ಬೆರೆಸಿ ಮಾಡುವ ಸಿಹಿ. ಡಾಕ್ಟರ್ ದಿವ್ಯ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಬೆಲ್ಲ ತಿಂದ ಮಗುವಿನ ರಕ್ತದಲ್ಲಿ ಸಕ್ಕರೆ ಏರಬೇಕು. ಇಳಿದಿದ್ದರೆ ಅದು ಬೇರೆಯೇ ಮಾತು. ಬೆಲ್ಲ, ಸಕ್ಕರೆ, ಹಣ್ಣುಗಳಲ್ಲಿರುವ ಒಂದು ಬಗೆಯ ಸಿಹಿಯನ್ನು ಅರಗಿಸಿಕೊಳ್ಳಲಾಗದ ಅಪರೂಪದ ಹುಟ್ಟು ದೋಷವೊಂದಿದೆಯಂತೆ. ಅಂಥ ಮಕ್ಕಳು ಸಿಹಿ ಕಂಡರೆ ಮುಖ ತಿರುಗಿಸುತ್ತಾರೆ, ಬಲವಂತಕ್ಕೆ ತಿಂದರೆ ವಾಂತಿ ಮಾಡುತ್ತಾರೆ. ಚೇತನಾ ಮಾಡುತ್ತಿದ್ದುದು ಅದನ್ನೇ. ಮಗು ಸುಸ್ತಾದಾಗಲೆಲ್ಲ ನಾವೆಲ್ಲ ಸೇರಿ ಕುಡಿಸಿದ್ದು ಬೆಲ್ಲದ ನೀರು. ಈಗ ಸಿಹಿ ನಿಲ್ಲಿಸಿದ್ದಾರೆ, ಆದರೂ ಮಗು ಚೇತರಿಸಿಕೊಂಡಿಲ್ಲ. ಯಕೃತ್ತಿಗೆ ಹೀಗಾಗಲು ಬೇರೆ ಕಾರಣಗಳೂ ಇವೆ, ಒಂದರ ಚಿಕಿತ್ಸೆ ಇನ್ನೊಂದಕ್ಕೆ ಆಗುವುದಿಲ್ಲ. ವಂಶವಾಹಿ ಪರೀಕ್ಷೆಗೆ ಕಳಿಸಿದ್ದಾರೆ, ಉತ್ತರ ಬರಲು ವಾರಗಳು ಬೇಕು. ಮಗುವಿಗೆ ಇನ್ನೊಮ್ಮೆ ಬೆಲ್ಲ ತಿನ್ನಿಸಿ ಪರೀಕ್ಷಿಸುವುದೆಂದರೆ ಕೈಯಾರೆ ವಿಷ ಕೊಟ್ಟಂತೆ. ಅಂಥ ಪರೀಕ್ಷೆ ಅರಿಯದೆ ಒಮ್ಮೆ ನಡೆದುಹೋಗಿದೆ, ಅದರ ರಕ್ತ ನಿಮ್ಮಲ್ಲಿದೆ. ಅದರಲ್ಲಿ ಫಾಸ್ಫರಸ್ ಎಷ್ಟಿದೆ, ಯೂರಿಕ್ ಆಮ್ಲ ಎಷ್ಟಿದೆ ಎಂದು ನೋಡಿದರೆ ದಾರಿ ಸಿಗಬಹುದು ಎನ್ನುತ್ತಾರೆ ಡಾಕ್ಟರ್.

ವಿಷಯ ತಿಳಿದ ಕೋಕಿಲಾ ತಾನಾಗಿಯೇ ನಿಮ್ಮ ಕೇಂದ್ರಕ್ಕೆ ಹೋಗಿ ನಡೆದ ತಪ್ಪನ್ನು ಹೇಳಿದಳು. ಡಾಕ್ಟರ್ ಆಸ್ಪತ್ರೆಯ ಪರವಾಗಿ ಬರೆದು ಕೇಳಿದರು. ನಿಮ್ಮ ಯೋಜನಾಧಿಕಾರಿ ನನಗೆ ಕೊಟ್ಟ ಉತ್ತರ ಇದು: "ಮಗು ತಿಂದಿತ್ತು ಅಂತ ನೀವೇ ಹೇಳ್ತಿದೀರಾ. ಹಂಗಾದ್ರೆ ಆ ಸ್ಯಾಂಪಲ್ ಅಮಾನ್ಯ ಸಾರ್. ಅಮಾನ್ಯ ಆಗಿದ್ದನ್ನ ಇಟ್ಕೊಳ್ಳೋ ಹಾಗಿಲ್ಲ, ಸಂಶೋಧನೆಗೆ ತಗೊಂಡಿದ್ದನ್ನ ಚಿಕಿತ್ಸೆಗೆ ಕೊಡೋ ಹಾಗೂ ಇಲ್ಲ."

ಮಾನ್ಯರೇ, ಸುಳ್ಳಾಗಿದ್ದಷ್ಟು ದಿನ ಆ ರಕ್ತ ಮಾನ್ಯವಾಗಿತ್ತು. ನಿಜ ಹೇಳಿದ ದಿನ ಅಮಾನ್ಯವಾಯಿತು. ನಾವು ಬಾಯಿ ಮುಚ್ಚಿಕೊಂಡಿದ್ದರೆ ಅದು ನಿಮ್ಮ ಪ್ರಬಂಧದೊಳಗೆ ಆರೋಗ್ಯವಂತ ಮಗುವಿನ ರಕ್ತವಾಗಿ ಸುಖವಾಗಿರುತ್ತಿತ್ತು. ಮಕ್ಕಳ ಆರೋಗ್ಯಕ್ಕಾಗಿ ನಡೆಯುವ ಸಂಶೋಧನೆಯಲ್ಲಿ ಮಗುವಿಗೆ ಉಪಯೋಗವಾಗುವುದು ನಿಯಮಬಾಹಿರವೇ? ಕೊಡಬಾರದು ಎಂಬ ನಿಯಮ ಬರೆದವರು ಆ ರಕ್ತ ಯಾರದು ಎಂಬುದನ್ನೂ ಬರೆದಿದ್ದಾರೆಯೇ? ಮುತ್ತವ್ವ ವಾರ್ಡಿನ ಬಾಗಿಲಲ್ಲಿ ನನ್ನನ್ನು ಕೇಳಿದ್ದು ಇಷ್ಟೇ: "ಅಣ್ಣಾರ, ನನ್ ಕೂಸಿನ ರಕ್ತ ನನಗ ಕೊಡಾಕ ಅವರಿಗೇನ್ ಕಷ್ಟ?" ನಿಮಗೆ ಉತ್ತರ ಗೊತ್ತಿದ್ದರೆ ಪತ್ರಿಕೆಗೆ ಬರೆಯುವುದು ಬೇಡ, ವಾರ್ಡಿಗೆ ಬಂದು ಅವರಿಗೇ ಹೇಳಿ.

ಆ ಸೀಸೆಯನ್ನು ಇಂದೇ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಕಳಿಸಿ. ಅದೊಂದು ಸಹಿಯ ಕೆಲಸ, ಆ ಸಹಿ ನಿಮ್ಮದೇ. ಆಮೇಲೆ ಪುರುಸೊತ್ತಾದಾಗ ಕಾಮಾಕ್ಷಿಪಾಳ್ಯದಲ್ಲಿರುವ ಉತ್ತರ ಕರ್ನಾಟಕದ ಮನೆಗಳಿಗೆಲ್ಲ ಮತ್ತೆ ಹೋಗಿ, ಈ ಸಲ ನಾಷ್ಟಾ ಎಂದು ಕೇಳಿ. ಇನ್ನೆಷ್ಟು ತಾಯಂದಿರು ತಿಂಡಿ ಇಲ್ಲ ಎಂದಿದ್ದಾರೋ ತಿಳಿಯಲಿ.

ನಿಮ್ಮ ಕಚೇರಿ ತಿಳಿಸಿರುವಂತೆ, ಅಮಾನ್ಯವಾದ ರಕ್ತದ ಮಾದರಿಗಳನ್ನು ಬರುವ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಫ್ರೀಜರಿನಿಂದ ತೆಗೆದು ಸುಡಲು ಕಳಿಸಲಾಗುತ್ತದೆ.

ಇಂತಿ,
ತಿಂಡಿ ಎಂದರೆ ಎಲ್ಲರಿಗೂ ಇಡ್ಲಿಯೇ ಎಂದುಕೊಂಡಿದ್ದ
ವೆಂಕಟಸ್ವಾಮಿ
ಕಾಮಾಕ್ಷಿಪಾಳ್ಯ