ಹಸಿರು ಗೋಡೆಯ ಮುಂದೆ ಸಂದರ್ಶನ

ಅಪ್ಪಾ,

ಇಂಗ್ಲೆಂಡಿನ ಮೆಡಿಕಲ್ ಕಾಲೇಜಿನವರ ಸಂದರ್ಶನ ಇವತ್ತು ಮುಗಿಯಿತು. ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ಉದಯಣ್ಣ ಹಳಿಯಾಳದ ನಮ್ಮ ಕಿರಾಣಿ ಅಂಗಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಟ್ಟ. ಅರ್ಧ ಶಟರ್ ಎಳೆದು ತಾನೂ ಒಳಗೇ ಕುಳಿತ.

ಕೇಳಿದ್ದು ಹೀಗೆ: ರೋಗಿಯದು ಗುಣವಾಗದ ಕಾಯಿಲೆ, ಅವರಿಗೆ ಹೇಳಬೇಡಿ ಎಂದು ಮಗ ಬೇಡಿಕೊಳ್ಳುತ್ತಾನೆ, ಏನು ಮಾಡುತ್ತೀ? ಮಗನಿಗೆ ಸಮಾಧಾನ ಹೇಳುತ್ತೇನೆ, ಆದರೆ ರೋಗಿ ಕೇಳಿದರೆ ಮುಚ್ಚಿಡುವುದಿಲ್ಲ, ತಿಳಿಯುವ ಹಕ್ಕು ಅವರದು ಎಂದೆ. ಎಲ್ಲೂ ತಡವರಿಸಲಿಲ್ಲ.

ಮುಗಿದ ಮೇಲೆ ಉದಯಣ್ಣ ವೈರು ಸುತ್ತುತ್ತ, "ಅಪ್ಪಗ ನಾವೂ ಹೇಳಬೇಕಾಗಿತ್ತೇನು?" ಎಂದ. ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರ ಕೈ ಹಿಡಿದು, ನಿಮಗೆ ಹೇಳಬೇಡಿ ಎಂದು ಬೇಡಿಕೊಂಡವನು ಅವನೇ.

"ಅದು ಅವರ ದೇಶದಾಗಿನ ಪದ್ಧತಿ, ಅಣ್ಣಾ."

"ಹೌದು ಬಿಡು," ಎಂದು ಶಟರ್ ಎತ್ತಿದ.

ನೀವು ಕೇಳಿದಾಗ ಬರೀ ಅಲ್ಸರ್ ಎಂದಿದ್ದೆವು. "ಹಂಗಾದ್ರ ದೀಪಾವಳಿಗೆ ಅಂಗಡಿಗೆ ಬಣ್ಣ ಹಚ್ಚಸೂಣು," ಎಂದು ಮಲಗಿದಲ್ಲಿಗೇ ಬಣ್ಣದ ಕಾರ್ಡು ತರಿಸಿ ಹಸಿರು ಆರಿಸಿದಿರಿ. ಹಚ್ಚಿಸುವ ಹೊತ್ತಿಗೆ ನೀವಿರಲಿಲ್ಲ.

ಇವತ್ತು ಅದೇ ಗೋಡೆಗೆ ಬೆನ್ನು ಮಾಡಿ ಕುಳಿತಿದ್ದೆ. ಸಂದರ್ಶನದ ಕೊನೆಗೆ ಅವರಲ್ಲೊಬ್ಬರು, ಹಿಂದಿನ ಬಣ್ಣ ಚೆನ್ನಾಗಿದೆ, ಯಾರು ಆರಿಸಿದ್ದು ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಮಾತ್ರ ತಡವರಿಸಿದೆ.