ಐವತ್ತೆಂಟು ಪರ್ಸೆಂಟ್ ಹಾಜರಾತಿ ಮತ್ತು ತಮ್ಮ ಕಚೇರಿಯ ಒಣಹುಲ್ಲು

ಮಾನ್ಯ ಕುಲಪತಿಗಳೇ,

ನನ್ನ ಹಾಜರಾತಿ ಶೇಕಡಾ ಐವತ್ತೆಂಟು. ಎಪ್ಪತ್ತೈದು ಇರಬೇಕಿತ್ತು. ಈ ಕೊರತೆಯನ್ನು ಮುಂದಿಟ್ಟುಕೊಂಡು ತಾವು ಮಣ್ಣು ವಿಜ್ಞಾನ ವಿಭಾಗಕ್ಕೆ ಬೀಗ ಹಾಕಲು ಹೊರಟಿದ್ದೀರಿ. ಅಲ್ಲಿ ಹನ್ನೆರಡು ವರ್ಷದಿಂದ ಗುತ್ತಿಗೆಯ ಮೇಲೆ ಪಾಠ ಮಾಡುತ್ತಿರುವ ಮೇಡಂ ಈ ತಿಂಗಳ ಕೊನೆಗೆ ಮನೆಗೆ ಹೋಗಬೇಕು. ನನಗೆ ಐವತ್ತೇಳು ವರ್ಷ. ಇದೇ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಇಂಥವನ ಹೆಸರು ಮಣ್ಣು ವಿಜ್ಞಾನದ ಹಾಜರಿ ಪುಸ್ತಕಕ್ಕೆ ಹೇಗೆ ಬಂತು ಎಂದು ಹುಬ್ಬೇರಿಸಬೇಡಿ. ಅದಕ್ಕೆ ತಮ್ಮ ಸುತ್ತೋಲೆಯೇ ಕಾರಣ.

ಅನುದಾನ ಕಡಿತವಾಗಿರುವುದರಿಂದ ಹದಿನೈದಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಭಾಗಗಳನ್ನು ಮುಚ್ಚಲಾಗುವುದು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಮಣ್ಣಿನ ವಿಭಾಗದಲ್ಲಿದ್ದವರು ಹನ್ನೊಂದೇ ಜನ. ಈ ಹದಿನೈದು ಯಾವ ಶಾಸ್ತ್ರದಿಂದ ಇಳಿದು ಬಂತು ಎಂದು ತಮ್ಮ ಕಚೇರಿಯಲ್ಲಿ ವಿಚಾರಿಸಿದೆ. ಅಧೀಕ್ಷಕರು ಕನ್ನಡಕ ಒರೆಸಿಕೊಂಡು, "ಹದಿನಾರು ಅಂದ್ರೆ ಜಾಸ್ತಿ ಆಗತ್ತೆ ಅನ್ನಿಸ್ತು ಸರ್" ಎಂದರು. ನನಗೆ ನಗಲೂ ಆಗಲಿಲ್ಲ. ಲಾಭವಿಲ್ಲದ ಘಟಕವನ್ನು ಮುಲಾಜಿಲ್ಲದೆ ಮುಚ್ಚಬೇಕು ಎಂದು ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದವನು ನಾನೇ ತಾನೆ?

ಅಧ್ಯಾಪಕರ ಸಂಘ ಹೋರಾಟಕ್ಕಿಳಿಯಿತು. ಹೋರಾಟ ಎಂದರೆ ಸಭೆ. ಮೊದಲ ಸಭೆಯಲ್ಲಿ ಅಧ್ಯಕ್ಷತೆ ಯಾರದು ಎಂಬುದು ತೀರ್ಮಾನವಾಯಿತು. ಎರಡನೆಯದರಲ್ಲಿ ಆ ತೀರ್ಮಾನವನ್ನು ಪ್ರಶ್ನಿಸಲಾಯಿತು. ಮೂರನೆಯದರಲ್ಲಿ ಮನವಿಪತ್ರದ ಕರಡು ಬಂತು. "ಖಂಡಿಸುತ್ತೇವೆ" ಎನ್ನಬೇಕೋ "ವಿಷಾದಿಸುತ್ತೇವೆ" ಎನ್ನಬೇಕೋ ಎಂದು ಸಂಜೆಯವರೆಗೆ ಜಗ್ಗಾಡಿದೆವು. ಕೊನೆಗೆ ನಮ್ಮ ಪತ್ರಗಳನ್ನು ಟೈಪ್ ಮಾಡಿಕೊಡುವಾಕೆಗೆ ತಾಳ್ಮೆ ಕೆಟ್ಟಿತು. "ಅಲ್ಲ ಸರ್, ಹನ್ನೊಂದು ಜನಕ್ಕೆ ಇನ್ನು ನಾಲ್ಕು ಜನ ಸೇರಿದ್ರೆ ಮುಗೀತಲ್ವಾ? ಸಿಬ್ಬಂದಿನೂ ಫೀಸ್ ಕಟ್ಟಿ ಕೋರ್ಸ್ ಸೇರ್ಬೋದು ಅಂತ ನಿಯಮದಲ್ಲೇ ಇದೆ. ಆ ನಿಯಮ ಟೈಪ್ ಮಾಡಿದ್ದೂ ನಾನೇ" ಎಂದಳು. ಗಣಿತದ ಪ್ರಾಧ್ಯಾಪಕರು ಹನ್ನೊಂದಕ್ಕೆ ನಾಲ್ಕನ್ನು ಕೂಡಿಸಿ ನೋಡಿ ಒಪ್ಪಿಕೊಂಡರು.

ಹೀಗೆ ಗಣಿತದವರು, ತತ್ತ್ವಶಾಸ್ತ್ರದವರು, ಭಾಷೆಯವರು ಮತ್ತು ನಾನು ವಿದ್ಯಾರ್ಥಿಗಳಾದೆವು. ಮೊದಲ ದಿನವೇ ತತ್ತ್ವಶಾಸ್ತ್ರದವರು ಎದ್ದು ನಿಂತು, ಮಣ್ಣು ಎಂದರೇನು, ಅದು ಮಣ್ಣು ಎಂದು ನಮಗೆ ಹೇಗೆ ಗೊತ್ತು ಎಂದು ಶುರುಮಾಡಿದರು. ಮೇಡಂ ಐದು ನಿಮಿಷ ಕೇಳಿಸಿಕೊಂಡು, "ಸರ್, ಮೊದ್ಲು ಕೈ ಒದ್ದೆ ಮಾಡ್ಕೊಳ್ಳಿ" ಎಂದರು. ಹಿಡಿ ಮಣ್ಣಿಗೆ ನೀರು ಹಾಕಿ, ಹಿಟ್ಟಿನಂತೆ ನಾದಿ, ಹೆಬ್ಬೆರಳಿನಿಂದ ಪಟ್ಟಿಯಾಗಿ ಒತ್ತುತ್ತಾ ಹೋಗಬೇಕು. ಪಟ್ಟಿ ಎಷ್ಟು ಉದ್ದ ಬಂದು ಮುರಿಯುತ್ತದೆಯೋ ಅದರ ಮೇಲೆ ಮಣ್ಣಿನ ಗುಣ ಗೊತ್ತಾಗುತ್ತದೆ. ಹನ್ನೊಂದು ಮಕ್ಕಳ ಪಟ್ಟಿ ಬೆರಳುದ್ದ ಬಂತು. ನಮ್ಮ ನಾಲ್ವರದು ಅಂಗಿಯ ಮೇಲೆ ಬಂತು. ಮನೆಗೆ ಹೋದಾಗ ಹೆಂಡತಿ ನನ್ನ ಉಗುರು ನೋಡಿ, "ಇವತ್ತೇನೋ ಕೆಲಸ ಮಾಡಿರೋ ಹಾಗಿದೆ" ಎಂದಳು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ.

ಮೊದಲ ಕಿರುಪರೀಕ್ಷೆಯಲ್ಲಿ ನಾನು ಗಣಿತದವರ ಹಾಳೆಯನ್ನು ಕದ್ದು ನೋಡಿ ಸಿಕ್ಕಿಬಿದ್ದೆ. ಅವರು ಬರೆದಿದ್ದೂ ತಪ್ಪೇ. ಇದನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತಿದ್ದೇನೆ, ಏಕೆಂದರೆ ನಿಜವಾದ ತಪ್ಪು ಇನ್ನೂ ದೊಡ್ಡದು. ವಿಭಾಗ ಉಳಿಸುವ ಹೋರಾಟದ ಸಭೆಗಳು ನಡೆಯುತ್ತಿದ್ದದ್ದು ಮಂಗಳವಾರ ಮತ್ತು ಗುರುವಾರ ಮೂರು ಗಂಟೆಗೆ. ಮಣ್ಣಿನ ತರಗತಿಯೂ ಆಗಲೇ. ಉಳಿಸುವ ಮಾತಾಡಲು ಹೋಗಿ ನಾವು ಉಳಿಸಬೇಕಾದ ತರಗತಿಗೇ ಚಕ್ಕರ್ ಹೊಡೆದೆವು. ಹಾಜರಾತಿ ಸಾಲದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂಬುದು ತಮ್ಮದೇ ನಿಯಮ. ನಾಲ್ವರೂ ಹೋದರೆ ಮತ್ತೆ ಹನ್ನೊಂದು.

ನಾಚಿಕೆ ಬಿಟ್ಟು ಮೇಡಂ ಬಳಿ ಹೋದೆ. "ಕೆಲವು ದಿನ ಹಾಜರಿ ಹಾಕಿಬಿಡಿ ಮೇಡಂ, ನಿಮ್ಮ ಕೆಲಸದ ಪ್ರಶ್ನೆ" ಎಂದೆ. ಅವರು ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಬಂದಿರ್ಲಿಲ್ವಲ್ಲ ಸರ್."

"ಬಂದಿರಲಿಲ್ಲ ನಿಜ. ಆದ್ರೆ ನಿಮಗೋಸ್ಕರಾನೇ ಸಭೇಲಿ ಕೂತಿದ್ವಿ."

"ಜಮೀನಿಗೆ ಹೋಗದೇ ಇಲ್ಲೇ ಕೂತು ವರದಿ ಬರೀಬೇಡಿ ಅಂತ ಈ ಮಕ್ಕಳಿಗೆ ದಿನಾ ಬೈತೀನಿ. ನಾನೇ ಸುಳ್ಳು ಬರೆದ್ರೆ ನಾಳೆ ಯಾವ ಬಾಯಲ್ಲಿ ಬೈಲಿ?"

ತಮ್ಮ ಕೆಲಸ ಹೋಗುತ್ತದೆಂದು ತಿಳಿದೂ ಆಕೆ ನಮ್ಮ ನಾಲ್ವರ ಹೆಸರಿನ ಮುಂದೆ ಗೈರುಹಾಜರಿಯನ್ನೆಲ್ಲ ನೆಟ್ಟಗೆ ಬರೆದು ತಮಗೆ ಕಳಿಸಿದ್ದಾರೆ. ಇಂಥವರನ್ನು ಕಳಿಸಿ ಉಳಿಸುವ ಹಣದಲ್ಲಿ ತಾವು ಏನನ್ನು ಕೊಳ್ಳುವಿರಿ, ಮಾನ್ಯರೇ? ಆ ಸಂಜೆಯೇ ಸಭೆಗಳನ್ನೆಲ್ಲ ಬುಧವಾರಕ್ಕೆ ತಳ್ಳಿದೆವು. ಅಂದಿನಿಂದ ನಾಲ್ವರಲ್ಲಿ ಯಾರೂ ಒಂದು ತರಗತಿಯನ್ನೂ ತಪ್ಪಿಸಿಲ್ಲ.

ಈಗ ನನ್ನ ಬೇಡಿಕೆ. ವಿಶ್ವವಿದ್ಯಾಲಯದ ಕೆಲಸಕ್ಕಾಗಿ ಗೈರಾದವರ ಹಾಜರಾತಿ ಕೊರತೆಯನ್ನು ಕುಲಪತಿಗಳು ಮನ್ನಾ ಮಾಡಬಹುದು ಎಂಬ ನಿಯಮವಿದೆ. ವಾಲಿಬಾಲ್ ತಂಡದವರಿಗೆ ತಾವು ಪ್ರತಿವರ್ಷ ಮಾಡುತ್ತೀರಿ, ಅವರು ಸೋತು ಬಂದರೂ ಮಾಡುತ್ತೀರಿ. ವಿಶ್ವವಿದ್ಯಾಲಯದ ಒಂದು ವಿಭಾಗವನ್ನು ಉಳಿಸುವುದು ವಿಶ್ವವಿದ್ಯಾಲಯದ ಕೆಲಸವಲ್ಲವೆ? ಅಲ್ಲ ಎನ್ನುವುದಾದರೆ ದಯವಿಟ್ಟು ಲಿಖಿತವಾಗಿ ತಿಳಿಸಿ. ಹೌದು ಎನ್ನುವುದಾದರೆ ನಾಲ್ವರ ಕೊರತೆಯನ್ನು ಮನ್ನಾ ಮಾಡಿ, ಮೇಡಂ ಅವರ ಗುತ್ತಿಗೆಯನ್ನು ಮುಂದುವರಿಸಿ, ಆ ಹದಿನೈದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ವಾಪಸು ಇಟ್ಟುಬಿಡಿ.

ಕೊನೆಯದಾಗಿ ಒಂದು ಮಾತು. ತಮ್ಮ ಕಚೇರಿಯ ಮುಂದಿನ ಹುಲ್ಲು ಎರಡು ವರ್ಷದಿಂದ ಒಣಗುತ್ತಿದೆ. ಹೊರಗಿನ ತಜ್ಞರು ಮೂರು ಸಲ ಬಂದು ಹೋದರು, ಹುಲ್ಲು ಮಾತ್ರ ಹಸಿರಾಗಲಿಲ್ಲ. ಹೋದ ವಾರ ನಮಗೆ ಪ್ರಾಯೋಗಿಕ ತರಗತಿಗೆಂದು ಮೇಡಂ ಅಲ್ಲಿಂದಲೇ ಮಣ್ಣು ತರಿಸಿದ್ದರು. ನಾನೇ ನಾದಿದೆ, ಪಟ್ಟಿ ಮೊದಲ ಬಾರಿಗೆ ಬೆರಳುದ್ದ ಬಂತು. ರೋಗ ಏನೆಂದು ಈಗ ನಮ್ಮ ತರಗತಿಗೆಲ್ಲ ಗೊತ್ತು. ಮದ್ದು ಏನು ಎಂದು ಕೇಳಿದ್ದಕ್ಕೆ ಮೇಡಂ, "ಅದು ಮುಂದಿನ ತಿಂಗಳ ಪಾಠ ಸರ್" ಎಂದರು.

ಇಂತಿ,
ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ ಎಬ್ಬಿಸಿ ಕೂರಿಸಲ್ಪಟ್ಟಿರುವ,
ಮುಂದಿನ ತಿಂಗಳೂ ತರಗತಿ ಇದ್ದೀತೆಂದು ನೋಟ್‌ಬುಕ್ಕಿಗೆ ಬೈಂಡು ಹಾಕಿಕೊಂಡಿರುವ,
ತಮ್ಮ ವಿದ್ಯಾರ್ಥಿ