ಹನ್ನೆರಡು ನಿಮಿಷ ಮೊದಲು

ಕೆಲ್‌ಬೆಕ್, ಯಾರ್ಕ್‌ಶೈರ್
೧೪ ನವೆಂಬರ್ ೨೦೧೩, ಗುರುವಾರ

ಪ್ರೀತಿಯ ಬ್ರಯನಿ,

ನಿನ್ನೆ ನೀನು ಫೋನ್ ಕುಕ್ಕಿದ ಮೇಲೆ ಮತ್ತೆ ಎರಡು ಸಲ ಮಾಡಿದೆ. ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಬಾಯಲ್ಲಿ ಹೇಳಲು ಹೋಗಿದ್ದರೆ ಅರ್ಧಕ್ಕೇ ನಿಲ್ಲಿಸಿ, ಊಟ ಆಯಿತಾ ಮಗಳೇ ಎಂದು ಕೇಳಿ ಮುಗಿಸುತ್ತಿದ್ದೆ. ನಿನ್ನಮ್ಮನ ಬುದ್ಧಿ ನಿನಗೆ ಗೊತ್ತಲ್ಲ.

"ಅಪ್ಪನ್ನ ಹೊರಗೆ ಹಾಕಿದವರು ಈಗ ಹೆಣ ಕೇಳ್ತಿದಾರಾ? ಅವರ ಹಿತ್ತಿಲಲ್ಲಿ ಮಣ್ಣು ಮಾಡಿದ್ರೆ ನಾನು ಬರಲ್ಲ" ಎಂದು ನೀನು ಅಂದೆ. ಅಪ್ಪ ಸದಸ್ಯತ್ವ ಬಿಟ್ಟು ಒಂಬತ್ತು ವರ್ಷವಾಗಿದ್ದರೂ ನಮ್ಮ ಕ್ವೇಕರ್ ಪ್ರಾರ್ಥನಾ ಕೂಟದವರು ತಾವಾಗಿಯೇ ತಮ್ಮ ಸ್ಮಶಾನದಲ್ಲಿ ಜಾಗ ಕೊಟ್ಟಿದ್ದಾರೆ. ಅದು ನಿನಗೆ ಬೂಟಾಟಿಕೆಯಾಗಿ ಕಂಡಿತು. ಅದರಲ್ಲೂ ಕೂಟದ ಹಿರಿಯ ಅಂಬ್ರೋಸ್ ಮೇಲೆ ನಿನಗೆ ಎಷ್ಟು ಸಿಟ್ಟೆಂದರೆ, ಹೋದ ವರ್ಷ ಅಂಗಡಿ ಮುಂದೆ ಅವನು ಚಾಚಿದ ಕೈಯನ್ನು ಹಾಗೇ ಬಿಟ್ಟು ನಡೆದೆ. ಎಂಬತ್ತಾರರ ಮುದುಕ, ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಟೋಪಿ ಸರಿಮಾಡಿಕೊಂಡ. ನಾನು ಪಕ್ಕದಲ್ಲೇ ಇದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನೀನು ಅವನಿಗೆ ಎಳೆದೆ, ಮಗಳೇ. ಅಪ್ಪನನ್ನು ಹೊರಗೆ ಹಾಕಿದ್ದು ಅಂಬ್ರೋಸ್ ಅಲ್ಲ. ನಾನು.

ಒಂಬತ್ತು ವರ್ಷದ ಹಿಂದೆ, ಅಪ್ಪ ಕೊನೆಯ ಸಲ ಕೂಟದಲ್ಲಿ ಕೂತ ಆ ಭಾನುವಾರದ ಹಿಂದಿನ ದಿನ, ಅವರು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: "ನಾಳೆ ಎದ್ದು ಹೇಳಿಬಿಡ್ತೀನಿ ಕಣೇ ಎನಿಡ್. ದೇವರು ಅಂತ ಒಬ್ಬ ಇದಾನೆ ಅಂತ ನನಗೆ ಅನ್ನಿಸ್ತಾ ಇಲ್ಲ, ಎಷ್ಟೋ ವರ್ಷದಿಂದ. ಆದ್ರೆ ನನಗೆ ಇದು ಬಿಟ್ರೆ ಬೇರೆ ಮನೆ ಇಲ್ಲ. ನಾನು ಇಲ್ಲಿ ಕೂತಿರಬಹುದಾ ಅಂತ ಅವರನ್ನೇ ಕೇಳ್ತೀನಿ."

ಕೇಳಿಸಿಕೊಂಡೆಯಾ? ಅವರು ಜಗಳಕ್ಕೆ ಹೊರಟಿರಲಿಲ್ಲ. ಕೂಟದ ಬೆಂಚುಗಳ ಕಾಲುಗಳನ್ನೆಲ್ಲ ತಮ್ಮ ಕೈಯಿಂದ ರಿಪೇರಿ ಮಾಡಿದ ಬಡಗಿ, ಆ ಬೆಂಚಿನ ಮೇಲೆ ಕೂರಲು ಅಪ್ಪಣೆ ಕೇಳಲು ಹೊರಟಿದ್ದರು.

ಮುಂದಿನದು ನಿನಗೆ ಗೊತ್ತಿರುವ ರೀತಿ ರಿವಾಜು, ಆದರೂ ಬರೆಯುತ್ತೇನೆ, ನನ್ನ ಕಳ್ಳತನ ಇರುವುದೇ ಅದರಲ್ಲಿ. ಪಾದ್ರಿಯಿಲ್ಲ, ಹಾಡಿಲ್ಲ, ಒಂದು ಗಂಟೆಯ ಮೌನ. ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು ಎದ್ದು ಹೇಳಿ ಕೂರುತ್ತಾರೆ. ಹಿರಿಯರ ಬೆಂಚಿನಲ್ಲಿರುವ ಇಬ್ಬರು ಕೈ ಕುಲುಕಿದರೆ ಮುಗಿಯಿತು, ಎಲ್ಲರೂ ಪಕ್ಕದವರ ಕೈ ಕುಲುಕುತ್ತಾರೆ, ಆಮೇಲೆ ಎದ್ದು ಮಾತಾಡುವಂತಿಲ್ಲ. ಆ ದಿನ ಆ ಬೆಂಚಿನಲ್ಲಿ ಇದ್ದದ್ದು ಅಂಬ್ರೋಸ್ ಮತ್ತು ನಾನು.

ಗಡಿಯಾರದಲ್ಲಿ ಇನ್ನೂ ಹನ್ನೆರಡು ನಿಮಿಷ ಬಾಕಿ ಇತ್ತು. ಅಪ್ಪ ಒಮ್ಮೆ ಗಂಟಲು ಸರಿಮಾಡಿಕೊಂಡರು, ಮುಂದಿನ ಬೆಂಚನ್ನು ಹಿಡಿದುಕೊಂಡರು. ಮದುವೆಯಾಗಿ ಮೂವತ್ತೊಂದು ವರ್ಷ. ಅವರು ಏಳುವುದಕ್ಕೆ ಮುಂಚೆ ಏನು ಮಾಡುತ್ತಾರೆಂದು ನನಗೆ ಗೊತ್ತಿಲ್ಲವೇ. ನಾನು ಅಂಬ್ರೋಸ್ ಕಡೆ ತಿರುಗಿ ಕೈ ಚಾಚಿದೆ. ಕಣ್ಣು ಮುಚ್ಚಿ ಕೂತಿದ್ದವನು ಬೆಚ್ಚಿಬಿದ್ದ. ಆದರೂ ಚಾಚಿದ ಕೈಯನ್ನು ನಮ್ಮಲ್ಲಿ ಯಾರೂ ಬೇಡವೆನ್ನುವುದಿಲ್ಲ, ಕುಲುಕಿದ. ಅರ್ಧ ಎದ್ದಿದ್ದ ಅಪ್ಪ, ಹಾಗೆ ಎದ್ದದ್ದೇ ಪಕ್ಕದವರ ಕೈ ಕುಲುಕಲಿಕ್ಕೆ ಎನ್ನುವಂತೆ ಅತ್ತ ತಿರುಗಿದರು. ಮುಖದಲ್ಲಿ ನಗು ಸಹ ತಂದುಕೊಂಡರು. ಆ ನಗುವನ್ನು ನಾನು ಸಾಯುವವರೆಗೂ ಮರೆಯಲಾರೆ.

ಆಮೇಲೆ ಚಹಾದ ಕಪ್ಪು ತೊಳೆಯುವಾಗ ಅಂಬ್ರೋಸ್ ಬಂದು ಮೆಲ್ಲಗೆ, "ಎನಿಡ್, ಗಡಿಯಾರ ಹಿಂದೆ ಬಿದ್ದಿದೆಯಾ?" ಎಂದು ಕೇಳಿದ. ಹೌದು ಎಂದೆ. ಕೋರ್ಟಿನಲ್ಲಿ ಕೂಡ ಆಣೆ ಇಡದ ಕ್ವೇಕರರು ನಾವು, ನಮ್ಮ ಬರಿಮಾತೇ ಸಾಕು ಎನ್ನುವವರು. ಅವನು ಗೋಡೆಯ ಗಡಿಯಾರವನ್ನು ಇಳಿಸಿ, ಪಾಪ, ಹನ್ನೆರಡು ನಿಮಿಷ ಮುಂದಕ್ಕೆ ತಿರುಗಿಸಿದ.

ಮನೆಗೆ ಬರುವಾಗ ಅಪ್ಪ ಕಾರಿನಲ್ಲಿ ಒಂದೇ ಮಾತು ಆಡಿದರು: "ಇನ್ನೂ ಹೊತ್ತಿತ್ತು ಕಣೇ." ಗುರುವಾರ ರಾಜೀನಾಮೆ ಬರೆದರು. ನೀನು ಕೇಳಿದಾಗ, "ಅಲ್ಲಿ ನನ್ನ ಮಾತಿಗೆ ಜಾಗ ಇಲ್ಲ" ಎಂದಷ್ಟೇ ಹೇಳಿದರು, ನನ್ನನ್ನು ಬಿಟ್ಟುಕೊಡಲಿಲ್ಲ. ದೇವರ ಮಾತು ಜಾಸ್ತಿ ಆಡುವವನು ಅಂಬ್ರೋಸ್, ಹಾಗಾಗಿ ನೀನು ಅವನೇ ಎಂದುಕೊಂಡೆ. ನನಗದು ಅನುಕೂಲವಾಯಿತು.

ಅವನು ಎರಡು ಸಲ ಅಪ್ಪನನ್ನು ನೋಡಲು ಮನೆಗೆ ಬಂದಿದ್ದ, ನಿನಗೆ ಗೊತ್ತಿಲ್ಲ. ಅಪ್ಪ ಅವನಿಗೆ ಕಾರಣ ಹೇಳಿದಾಗ, "ಹೆಡ್ಲಿ, ದೇವರನ್ನ ನಂಬೋಕಾಗದಿದ್ರೆ ಬಿಡು ಮಾರಾಯ. ನಮ್ಮನ್ನ ನಂಬು. ನೀನು ಬಂದು ಕೂತ್ರೆ ಸಾಕು" ಎಂದ. ಅಪ್ಪ ನನ್ನ ಮುಖ ನೋಡಿದರು. ನಾನು ಒಂದು ಮಾತು, ಬನ್ನಿ ಎಂದಿದ್ದರೆ ಸಾಕಿತ್ತು. ನಾನು ಬಿಸ್ಕತ್ತಿನ ಡಬ್ಬಿ ತರಲು ಒಳಗೆ ಹೋದೆ.

ಆಮೇಲೆ ಒಂಬತ್ತು ವರ್ಷ ಪ್ರತಿ ಭಾನುವಾರ ನನ್ನನ್ನು ಕಾರಿನಲ್ಲಿ ಕರೆತಂದು ಇಳಿಸಿ, ಹೊರಗೆ ಪೇಪರ್ ಹಿಡಿದು ಕೂತಿರುತ್ತಿದ್ದರು. ಹಿಮ ಬಿದ್ದಾಗಲೂ. ನಾನು ಬಂದು ಬಾಗಿಲು ಹಾಕಿಕೊಂಡ ತಕ್ಷಣ ಕೇಳುತ್ತಿದ್ದರು: "ಇವತ್ತು ಯಾರಾದ್ರೂ ಎದ್ರಾ? ಏನಂದ್ರು?" ನಾನು ಹೇಳುತ್ತಿದ್ದೆ. ಇಡೀ ದಾರಿ ಕೇಳಿಸಿಕೊಳ್ಳುತ್ತಿದ್ದರು. ಕೂಟ ಬಿಟ್ಟ ಮನುಷ್ಯನಲ್ಲ ಅವರು, ಬ್ರಯನಿ. ಬಾಗಿಲ ಹೊರಗೆ ಕೂತೇ ಇದ್ದರು.

ನನ್ನ ಅಜ್ಜಿ, ನನ್ನಪ್ಪ ಎಲ್ಲ ಅದೇ ಹಿರಿಯರ ಬೆಂಚಿನಲ್ಲಿ ಕೂತವರು. ಗಂಡ ಎದ್ದು ಹಾಗೆಂದರೆ ಜನ ನನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಾರಲ್ಲ ಎಂದು ಹೆದರಿದೆ. ಇಷ್ಟು ಕಾರಣ ಸಾಕು ಎಂದು ಇಲ್ಲಿಗೆ ನಿಲ್ಲಿಸುತ್ತೇನೆ.

ಮುಂದಿನ ವಾರದ ಶನಿವಾರ, ಇಪ್ಪತ್ತಮೂರಕ್ಕೆ, ಹನ್ನೊಂದು ಗಂಟೆಗೆ ಮಣ್ಣು. ಬೇರೆ ಇಬ್ಬರು ಕೈ ಕುಲುಕುತ್ತಾರೆ. ನಾನು ಆ ಬೆಂಚಿನಲ್ಲಿ ಇನ್ನು ಕೂರುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಮೌನದಲ್ಲಿ ನಾನು ಎದ್ದು ಇದನ್ನೆಲ್ಲ ಹೇಳುತ್ತೇನೆ. ನೀನು ಬರಬೇಕು. ನನ್ನ ಪಕ್ಕ ಕೂರದಿದ್ದರೂ ಚಿಂತೆಯಿಲ್ಲ, ಅಂಬ್ರೋಸ್ ಪಕ್ಕ ಕೂರು. ನನ್ನ ತಪ್ಪಿಗೆ ಅಪ್ಪನನ್ನು ಇನ್ನೊಂದು ಸಲ ಹೊರಗೆ ಇಡಬೇಡ.

ನಿನ್ನ ಕ್ಷಮೆ ಕೇಳುವ ಮುಖವಿಲ್ಲದ,
ಅಮ್ಮ
ಎನಿಡ್

ಮತ್ತೆ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಆಲೂಗಡ್ಡೆ ಸುಲಿದ ಆ ದಿನ ಅಪ್ಪ ಇನ್ನೊಂದು ಮಾತು ಕೇಳಿದ್ದರು: "ನೀನು ನಂಬ್ತೀಯಲ್ಲ?" ನಾನು ಹೂಂ ಎಂದೆ. ನೀನು ಹುಟ್ಟುವುದಕ್ಕೂ ಮುಂಚಿನಿಂದ ನಾನು ನಂಬಿಲ್ಲ. ಅವರು ಎದ್ದು ಹೇಳಿದರೆ ನಾನೂ ಹೇಳಬೇಕಾಗುತ್ತಿತ್ತು, ಅದಕ್ಕೇ ಕೈ ಚಾಚಿದ್ದು. ಹೋಗುವುದಕ್ಕೆ ಮೂರು ದಿನ ಮುಂಚೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಿನಗೆ ಸಮಾಧಾನ ಆಗೋದಾದ್ರೆ ನನಗೋಸ್ಕರ ಪ್ರಾರ್ಥನೆ ಮಾಡ್ಕೋ, ನಾನು ಬೇಡ ಅನ್ನಲ್ಲ" ಎಂದರು. ನಾನು ಕಣ್ಣು ಮುಚ್ಚಿ, ಮಾಡುತ್ತಿರುವವಳ ಹಾಗೆ ಕೂತೆ. ಮುಗಿಯಿತೆಂದು ನಾನು ಕಣ್ಣು ತೆರೆಯುವವರೆಗೂ ಅವರು ಅಲುಗಾಡದೆ ಕಾದಿದ್ದರು.